ಕ್ಯಾಪ್ಟನ್ ಮಾತಾಡುವವರೆಗೆ

ಆ ಮನೆಯಲ್ಲಿ ಫೋನು ಯಾರಿಗೇ ಬರಲಿ, ಎತ್ತಿಕೊಳ್ಳುವವಳು ತಾಯಿ. ಮಗಳಿಗೆ ಬಂದ ಫೋನಂತೂ ಅವಳದೇ ಸ್ವತ್ತು. "ಅವಳಾ? ಚೆನ್ನಾಗಿದಾಳೆ. ನಾಳೆ ಬರಕ್ಕಾಗಲ್ವಂತೆ" ಎಂದು ಪಕ್ಕದಲ್ಲೇ ನಿಂತ ಮಗಳ ಮುಖ ಕೂಡ ನೋಡದೆ ಹೇಳಿ ಮುಗಿಸುತ್ತಿದ್ದಳು.

ಮಗಳಿಗೆ ಮಾತು ತಡೆಯುತ್ತಿತ್ತು. ಚಿಕ್ಕ ಮಗುವಾಗಿದ್ದಾಗ ಬೆಳಗಿನಿಂದ ಸಂಜೆಯವರೆಗೂ ಚಿಲಿಪಿಲಿ ಎನ್ನುತ್ತಿದ್ದಳೆಂದು ಅಜ್ಜಿ ಅವಳನ್ನು ಗುಬ್ಬಿ ಎಂದು ಕರೆದಿದ್ದಳು. ಶಾಲೆಗೆ ಸೇರುವ ಹೊತ್ತಿಗೆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳಲು ಶುರುವಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಅಂದಿನಿಂದ ತಾಯಿಯೇ ಅವಳ ಬಾಯಿ. ಟೀಚರ ಮುಂದೆ, ಡಾಕ್ಟರ ಮುಂದೆ, ಅಂಗಡಿಯವನ ಮುಂದೆ, ಗುಬ್ಬಿ ಮೊದಲ ಅಕ್ಷರ ಹಿಡಿದು ಒದ್ದಾಡುವಷ್ಟರಲ್ಲಿ ತಾಯಿ ಉಳಿದದ್ದನ್ನು ಪೂರ್ತಿಮಾಡಿಬಿಡುತ್ತಿದ್ದಳು. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಆ ಬಗ್ಗೆ ತಾಯಿಗೆ ಒಳಗೊಳಗೇ ಸಣ್ಣ ಜಂಬವೂ ಇತ್ತು.

ಮನೆಯ ಮುಂದಿನ ಕೋಣೆ ಅವಳ ಇಸ್ತ್ರಿ ಅಂಗಡಿ. ಎರಡು ಮೇಜು, ಗೋಡೆಗೆ ಹೊಡೆದ ಕಂಬಿ, ಕಂಬಿಯ ತುಂಬ ಊರವರ ಅಂಗಿಗಳು. ಗಂಡ ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್. ಅವನ ತಾಯಿ, ಅಂದರೆ ಗುಬ್ಬಿಯ ಅಜ್ಜಿ, ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕಿತ್ತುಹೋದ ಗುಂಡಿ ಹೊಲಿಯುತ್ತ ಬಂದವರ ಸಮಾಚಾರ ವಿಚಾರಿಸಿಕೊಳ್ಳುತ್ತಿದ್ದಳು. ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ಗುಬ್ಬಿ ಎರಡನೇ ಮೇಜಿನ ಮುಂದೆ ನಿಂತು ಇಸ್ತ್ರಿ ಹಾಕುತ್ತಿದ್ದಳು. ಗಿರಾಕಿ ಬಾಗಿಲಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ಜಗಳ ಹುಟ್ಟಿದ್ದು ಊಟದ ಹೊತ್ತಿಗೆ. ತಾಯಿ ಅನ್ನ ಬಡಿಸುತ್ತಿದ್ದಳು. ಗುಬ್ಬಿ ತಟ್ಟೆಯಿಂದ ತಲೆಯೆತ್ತಿ, "ಅಪ್ಪ, ನಿಮ್ಮ ಡಿ... ಡಿಪೋ ಕಂಟ್ರೋಲ್ ರೂಮಿಗೆ ಜನ ತಗೋತಿದಾರೆ" ಎಂದಳು.

"ಹೌದು. ಅದಕ್ಕೇನೀಗ?"

"ನಾ... ನಾನು..."

"ಅವಳ ಫ್ರೆಂಡಿಗೆ ಯಾರಿಗೋ ಕೇಳ್ತಿದಾಳೆ" ಎಂದಳು ತಾಯಿ, ಸೌಟು ಕೆಳಗಿಡುತ್ತ.

ಗುಬ್ಬಿ ಅಲ್ಲವೆಂದು ತಲೆಯಾಡಿಸಿದಳು. "ನನಗೇ."

ತಂದೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ನಗಲಿಲ್ಲ, ನಕ್ಕಿದ್ದರೂ ಚೆನ್ನಾಗಿರುತ್ತಿತ್ತೇನೋ. "ಅಲ್ಲಿ ಕೆಲಸ ಏನು ಗೊತ್ತೇನಮ್ಮ? ದಿನಾ ಪೂರ್ತಿ ವೈರ್‌ಲೆಸ್ ಹಿಡ್ಕೊಂಡು ಮಾತಾಡೋದು. ಆ ಬಸ್ಸು ಎಲ್ಲಿ ಕೆಟ್ಟಿದೆ, ಈ ಬಸ್ಸು ಯಾವ ದಾರೀಲಿ ಹೋಗ್ಬೇಕು, ಎಲ್ಲಾ ಬಾಯಲ್ಲೇ."

"ಗೊ... ಗೊತ್ತು."

"ಗೊತ್ತಿದ್ದೂ ಕೇಳ್ತೀಯಲ್ಲ. ಆ ಡ್ರೈವರ್‌ಗಳ ಬಾಯಿ ನಿನಗೆ ಗೊತ್ತಿಲ್ಲ. ನೀನು ಅಲ್ಲಿ ತಡವರಿಸಿದ್ರೆ ಅವರು ನಗೋದನ್ನ ಕೆಳಗೆ ಶೆಡ್ಡಲ್ಲಿ ನಿಂತು ನಾನು ಕೇಳಿಸ್ಕೋಬೇಕು. ಅದು ನನ್ನ ಕೈಲಾಗಲ್ಲ."

"ಹೋಗ್ಲಿ ಬಿಡಿ, ಅವಳಿಗೂ ಅಂಥ ಮನಸ್ಸೇನಿಲ್ಲ. ಸುಮ್ನೆ ಕೇಳಿದಳು ಅಷ್ಟೆ" ಎಂದು ತಾಯಿ ಸಮಾಧಾನದ ಮಾತಾಡಿದಳು.

ಗುಬ್ಬಿ ತಟ್ಟೆ ಎತ್ತಿಕೊಂಡು ಎದ್ದಳು. ಹೋಗುವಾಗ ತಾಯಿಯನ್ನು ನೋಡಿದ ನೋಟ ಹೇಗಿತ್ತೆಂದರೆ, ಅದರ ಮುಂದೆ ತಂದೆ ಆಡಿದ ಮಾತೇ ವಾಸಿ ಎನ್ನಿಸುವಂತಿತ್ತು.

"ನೀನ್ಯಾಕೇ ಮಧ್ಯೆ ಬಾಯಿ ಹಾಕಿದೆ?" ಎಂದಳು ಅಜ್ಜಿ.

"ನಾನೇನಂದೆ ಅತ್ತೆ? ಜಗಳ ಬೆಳೀಬಾರದು ಅಂತ..."

"ಬೆಳೀಲಿ ಬಿಡು. ಅವಳ ಜಗಳ ಅದು."

ಅಂದಿನಿಂದ ಗುಬ್ಬಿ ತಾಯಿಯ ಜೊತೆ ಮಾತು ಬಿಟ್ಟಳು. ಕೆಲಸ ಬಿಡಲಿಲ್ಲ. ಬೆಳಗ್ಗೆ ಎದ್ದು ಪಾತ್ರೆ ತೊಳೆದು, ತನ್ನ ಪಾಲಿನ ಅಂಗಿಗಳನ್ನು ಕಾಲರಿನಲ್ಲಿ ಒಂದು ಸುಕ್ಕಿಲ್ಲದಂತೆ ಮಾಡಿ ಕಂಬಿಗೆ ತಗುಲಿಸಿ, ಮಧ್ಯಾಹ್ನವಾದ ಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಾಯಿ ಏನು ಕೇಳಿದರೂ ಉತ್ತರ ತಲೆಯಾಡಿಸಿಯೇ: ಹೌದು, ಇಲ್ಲ.

ಒಂದು ಮಧ್ಯಾಹ್ನ ಚಹಾ ಹಿಡಿದು ಆ ಬಾಗಿಲ ಮುಂದೆ ಬಂದ ತಾಯಿ ಅಲ್ಲೇ ನಿಂತಳು. ಒಳಗೆ ಯಾರೋ ಮಾತಾಡುತ್ತಿದ್ದರು. ಅದು ಗುಬ್ಬಿಯ ದನಿಯೇ, ಆದರೆ ಇವಳು ಕೇಳಿದ ಗುಬ್ಬಿಯಲ್ಲ. ಏರಿಳಿತವಿಲ್ಲದ, ಅವಸರವಿಲ್ಲದ ದನಿ. "ಎಂಜಿನ್ ನಿಲ್ಸಿ. ಯಾರೂ ಮಾತಾಡ್ಬೇಡಿ. ಅವನು ನಮ್ಮ ಮೇಲೇ ಇದಾನೆ."

ತಾಯಿ ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡಳು. ಕದ ತಳ್ಳಿದಳು. ಗುಬ್ಬಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಮಂಕು ಕೆಂಪು ಬೆಳಕು, ಗಡಿಯಾರದಂಥ ನಾಲ್ಕಾರು ಮುಳ್ಳುಗಳು, ಕಬ್ಬಿಣದ ಕೊಳವೆಗಳು.

"ಯಾರ ಹತ್ರ ಮಾತಾಡ್ತಿದೀಯ? ಯಾರು ಮೇಲಿರೋನು?"

ಗುಬ್ಬಿ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ತನ್ನ ಮನೆಯಲ್ಲಿ ತನ್ನ ಮಗಳು ತನಗೆ ಹಾಗೆ ಕೈ ತೋರಿಸಿದ್ದು ಅದೇ ಮೊದಲು. ಚಹಾ ಆರುವವರೆಗೆ ತಾಯಿ ಲೋಟ ಹಿಡಿದು ನಿಂತಿದ್ದಳು. ಕೊನೆಗೆ ಗುಬ್ಬಿ ಹೆಡ್‌ಫೋನ್ ತೆಗೆದು ನಿಟ್ಟುಸಿರಿಟ್ಟಳು.

"ಹೋ... ಹೋದ. ಯುದ್ಧದ ಹಡಗು. ಇದು ಸಬ್‌ಮರೀನ್ ಆಟ ಅಮ್ಮ."

ಮುನಿಸು ಅಲ್ಲಿಗೆ ಅರ್ಧ ಕರಗಿತು. ಜಲಾಂತರ್ಗಾಮಿಯನ್ನು ನಾಲ್ಕು ಜನ ಸೇರಿ ನಡೆಸಬೇಕು. ಬೇರೆ ಬೇರೆ ಊರುಗಳ ನಾಲ್ವರು. ಶತ್ರು ಹಡಗುಗಳ ಸದ್ದು ಕೇಳಿ ಹೇಳುವವನು ಒಬ್ಬ ಕನ್ನಡಕದ ಅಂಗಡಿಯವನು. ಒಳಗೆ ನೀರು ನುಗ್ಗಿದರೆ ರಿಪೇರಿ ಮಾಡುವವರು ರಿಟೈರಾದ ಪೋಸ್ಟ್‌ಮಾಸ್ಟರು. ಆಳ ಮತ್ತು ವೇಗ ನೋಡಿಕೊಳ್ಳುವವಳು ಒಬ್ಬ ನರ್ಸು. ಪೆರಿಸ್ಕೋಪಿನಲ್ಲಿ ನೋಡಿ ಅಪ್ಪಣೆ ಕೊಡುವವಳು ಗುಬ್ಬಿ.

"ನೀನಾ ಕ್ಯಾಪ್ಟನ್ನು?"

"ಹೂಂ."

"ಅಲ್ಲಿ ನಿನಗೆ ಮಾತು ತಡೆಯೋದೇ ಇಲ್ವಾ?"

"ತ... ತಡೆಯುತ್ತೆ. ಒಂದೊಂದ್ಸಲ ತುಂಬ."

"ಆವಾಗ?"

"ಅವರು ಕಾ... ಕಾಯ್ತಾರೆ."

ತಾಯಿ ಆರಿದ ಚಹಾವನ್ನು ತಾನೇ ಕುಡಿದು ಹೊರಗೆ ಬಂದಳು. ಅಂದು ಒಂದು ಅಂಗಿಯ ತೋಳಿಗೆ ಎರಡು ಗೆರೆ ಬಿತ್ತು. ಮತ್ತೆ ನೀರು ಚಿಮುಕಿಸಿ ಇಸ್ತ್ರಿ ಹಾಕಬೇಕಾಯಿತು.

ವಿಷಯ ತಿಳಿದು ತಂದೆ ಸಿಡಿಮಿಡಿಗೊಂಡ. "ಓದು ಮುಗಿಸಿದ ಹುಡುಗಿ ಹಗಲೆಲ್ಲಾ ಆಟ ಆಡ್ತಾಳೆ ಅಂದ್ರೆ ಏನರ್ಥ?"

"ಅವಳು ಕ್ಯಾಪ್ಟನ್ನು ಕಣೋ" ಎಂದಳು ಅಜ್ಜಿ, ದಾರ ಪೋಣಿಸುತ್ತ.

"ಯಾವುದಕ್ಕೆ ಅಮ್ಮ? ಇಲ್ಲದ ಹಡಗಿಗೆ, ಇಲ್ಲದ ಸಮುದ್ರದಲ್ಲಿ."

"ಜನ ಇದಾರಲ್ಲ. ಅವಳು ಹೇಳಿದ ಹಾಗೆ ಕೇಳ್ತಾರಂತೆ. ನೀನು ಹೇಳಿದ ಹಾಗೆ ಯಾರು ಕೇಳ್ತಾರೆ, ಹೇಳು ನೋಡೋಣ."

ತಂದೆ ರೊಟ್ಟಿಯನ್ನು ಬೇಳೆಸಾರಿನಲ್ಲಿ ಜೋರಾಗಿ ಅದ್ದಿಕೊಂಡು ತಿಂದ. ಆ ಮಾತು ಅಲ್ಲಿಗೆ ನಿಂತಿತು.

ಮುಂದಿನ ವಾರಗಳಲ್ಲಿ ಅಜ್ಜಿಯ ಕುರ್ಚಿ ಅಂಗಡಿಯ ಮೂಲೆಯಿಂದ ಕೋಣೆಯ ಬಾಗಿಲಿಗೆ ಬಂತು. ಅಲ್ಲಿ ಬೆಳಕು ಚೆನ್ನಾಗಿದೆ ಎಂಬ ನೆಪ. "ಇವತ್ತು ಮುಳುಗಿದ್ರೇನೇ?" ಎಂದು ದಿನಾ ವಿಚಾರಿಸುತ್ತಿದ್ದಳು. "ಮುಳುಗೋದೇ ಕೆಲಸ ಅಜ್ಜಿ. ಮೇ... ಮೇಲೆ ಬರದೇ ಇದ್ರೆ ಕಷ್ಟ" ಎಂದು ಗುಬ್ಬಿ ನಗುತ್ತಿದ್ದಳು. ತಾಯಿಯೂ ಇಸ್ತ್ರಿ ಪೆಟ್ಟಿಗೆ ಕಾಯುವವರೆಗೆ ಎಂದು ಬಂದು ನಿಂತು, ಅದು ಕಾದು ಆರಿ ಮತ್ತೆ ಕಾಯುವವರೆಗೂ ನಿಂತಿರುತ್ತಿದ್ದಳು. ಯುದ್ಧನೌಕೆ ಹತ್ತಿರ ಬಂದರೆ ಹೆಡ್‌ಫೋನಿನಿಂದ ಹೊರಗೂ ಒಂದು ಸದ್ದು ಕೇಳುತ್ತಿತ್ತು: ಲೋಟದ ಅಂಚಿಗೆ ಚಮಚ ತಾಕಿದಂತೆ ಟಿಣ್ ಎಂದು, ಸ್ವಲ್ಪ ಬಿಟ್ಟು ಮತ್ತೆ ಟಿಣ್ ಎಂದು. ಮೇಲಿನವರು ನೀರಿನಲ್ಲಿ ತಡಕಾಡಿ ಹುಡುಕುವ ಸದ್ದು ಅದು. ಟಿಣ್ ಟಿಣ್ ಎಂದು ಬೇಗಬೇಗ ಬಂದರೆ ಸಿಕ್ಕಿಬಿದ್ದಂತೆ.

ಒಂದು ಶನಿವಾರ ನರ್ಸಿಗೆ ಆಸ್ಪತ್ರೆಯಲ್ಲಿ ಪಾಳಿ ಬದಲಾಯಿತು. ಆ ಜಾಗಕ್ಕೆ ಜನ ಬೇಕಿತ್ತು. ಗುಬ್ಬಿ ತನ್ನ ಕಾಲೇಜಿನ ದಿನಗಳ ಹಳೇ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿಟ್ಟು, "ನೀ... ನೀನು ಕೂತ್ಕೋ ಅಮ್ಮ. ಇದು ಮೇಲಕ್ಕೆ, ಇದು ಕೆಳಕ್ಕೆ. ಇದು ವೇಗ. ನಾನು ಹೇಳಿದ್ದು ಮಾಡಿದ್ರೆ ಸಾಕು" ಎಂದಳು.

"ಅಷ್ಟೇ ತಾನೆ" ಎಂದು ತಾಯಿ ಸೆರಗು ಸಿಕ್ಕಿಸಿಕೊಂಡು, ಇನ್ನೊಂದು ಹೆಡ್‌ಫೋನ್ ಕಿವಿಗೇರಿಸಿ ಕೂತಳು.

ಯುದ್ಧನೌಕೆಯೊಂದು ಕಣ್ಣಿಗೆ ಬಿತ್ತು. ಗುಬ್ಬಿ ಕೆಳಗಿಳಿಸು ಎಂದಳು, ತಾಯಿ ಇಳಿಸಿದಳು. ಆದರೆ ಗಾಬರಿಯಲ್ಲಿ ಗುಂಡಿ ಒತ್ತಿದ ಬೆರಳು ಎತ್ತಲೇ ಇಲ್ಲ. ಹಡಗು ಮೂಗು ಕೆಳಗೆ ಮಾಡಿ ಸರ್ರನೆ ಜಾರತೊಡಗಿತು. "ಮ... ಮ..." ಎಂದಳು ಗುಬ್ಬಿ. ಮೇಲಕ್ಕೆ ಎನ್ನುತ್ತಿದ್ದಾಳೆಂದು ತಾಯಿಗೆ ಗೊತ್ತಾಗಿಹೋಯಿತು. ಗೊತ್ತಾಗದಿರುತ್ತದೆಯೇ, ಇಷ್ಟು ವರ್ಷ ಮಾಡಿದ್ದು ಅದೇ ಕೆಲಸ. ಮೇಲಕ್ಕೆ ಒತ್ತಿದಳು. ಹಡಗು ನೀರನ್ನು ಸೀಳಿಕೊಂಡು ಹಾಡಹಗಲಲ್ಲಿ ಯುದ್ಧನೌಕೆಯ ಫಿರಂಗಿಗಳ ಮುಂದೆ ಹೋಗಿ ಎದ್ದಿತು. ಮುಂದಿನದನ್ನು ಹೇಳಬೇಕಾಗಿಲ್ಲ. ಪರದೆ ಕಪ್ಪಾಯಿತು.

ಹೆಡ್‌ಫೋನಿನಲ್ಲಿ ಕನ್ನಡಕದ ಅಂಗಡಿಯವನು ನಕ್ಕ. "ಆಂಟಿ, ಸಲಾಂ ಹೊಡೆಯೋಕೆ ಹೋದ್ರಾ?"

"ಮೇಲಕ್ಕೆ ಅಂದ್ಯಲ್ಲೇ ನೀನು" ಎಂದಳು ತಾಯಿ.

"ಮೆ... ಮೆಲ್ಲಗೆ ಅಂತಿದ್ದೆ" ಎಂದಳು ಗುಬ್ಬಿ. "ನಾನು ಹೇ... ಹೇಳಿ ಮುಗಿಸಿರಲಿಲ್ಲ."

ಅವಳು ಕೋಪದಿಂದೇನೂ ಹೇಳಲಿಲ್ಲ. ತಾಯಿ ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚತೊಡಗಿದಳು. ಆಲೂಗಡ್ಡೆ ಹೆಚ್ಚುತ್ತ ಹೆಚ್ಚುತ್ತ ಹಳೆಯದೆಲ್ಲ ಒಂದೊಂದೇ ಎದುರು ಬಂದು ನಿಂತಿತು. ಹತ್ತನೇ ಕ್ಲಾಸಿನಲ್ಲಿ ಗುಬ್ಬಿಗೆ ಚಿತ್ರಕಲೆ ಬೇಡ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದು ಯಾರು? ಗೆಳತಿಯರ ಜೊತೆ ಪ್ರವಾಸಕ್ಕೆ ಬರುವುದಿಲ್ಲ ಎಂದದ್ದು ಯಾರು? ಆಗೆಲ್ಲ ಗುಬ್ಬಿ ಹೇಳಲು ಹೊರಟಿದ್ದೇನು?

ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಯಾರಿಗೆ ಹೆಚ್ತಿದೀಯೇ ಇಷ್ಟೊಂದು? ಛತ್ರದಲ್ಲಿ ಊಟ ಇದೆಯಾ?"

ಪಾತ್ರೆಯ ತುಂಬ ಆಲೂಗಡ್ಡೆ. ಅತ್ತೆ ಸೊಸೆ ಇಬ್ಬರೂ ಅದನ್ನು ನೋಡಿ ನಕ್ಕರು. ನಗುವಿನ ಕೊನೆಗೆ ಸೊಸೆ ಕಣ್ಣೊರೆಸಿಕೊಂಡದ್ದನ್ನು ಅತ್ತೆ ನೋಡಿಯೂ ನೋಡದಂತಿದ್ದಳು.

ಮರುವಾರ ಭಾನುವಾರ ದೊಡ್ಡ ಪ್ರಯಾಣ. ಶನಿವಾರ ಮುಳುಗಿದ್ದು ಬಿಡಿ ಆಟ; ಇದರಲ್ಲಿ ಎಷ್ಟೋ ಭಾನುವಾರಗಳಿಂದ ನಾಲ್ವರು ಸೇರಿ ಒಂದೇ ಹಡಗನ್ನು ಸಮುದ್ರ ದಾಟಿಸಿಕೊಂಡು ಬಂದಿದ್ದರು. ಉಳಿದಿದ್ದು ಒಂದು ಜಲಸಂಧಿ. ದಾಟಿದರೆ ತಮ್ಮ ಬಂದರು. ಮುಳುಗಿದರೆ ಎಲ್ಲ ಮೊದಲಿನಿಂದ. ಆ ದಿನವೂ ನರ್ಸಿಗೆ ರಜೆ ಸಿಗಲಿಲ್ಲ.

"ಬೇರೆ ಯಾರನ್ನಾದ್ರೂ ಕರ್ಕೋ. ನಾನು ಬೇಡ" ಎಂದಳು ತಾಯಿ.

"ನೀನೇ ಬಾ" ಎಂದಳು ಗುಬ್ಬಿ. ಆ ಎರಡು ಮಾತೂ ತಡೆಯದೆ ಬಂದವು.

ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ಹಾಗೇ ಬಿಟ್ಟು ಕೂತರು. ಜಲಸಂಧಿಯ ಬಾಯಲ್ಲಿ ಗುಬ್ಬಿ ಪೆರಿಸ್ಕೋಪ್ ಎತ್ತಿದಳು. ಬೂದು ನೀರು, ಬೂದು ಆಕಾಶ, ನಡುವೆ ಮೂರು ಹೊಗೆ. ಎರಡು ಸಣ್ಣ ಯುದ್ಧನೌಕೆಗಳು ಆ ಕಡೆಯಿಂದ ಈ ಕಡೆಗೆ ಗಸ್ತು ಹೊಡೆಯುತ್ತಿದ್ದವು. ಅವುಗಳ ಹಿಂದೆ ದೊಡ್ಡದೊಂದು, ಬೀದಿಯ ಮನೆಗಳನ್ನೆಲ್ಲ ಒಟ್ಟಿ ನಿಲ್ಲಿಸಿದ ಹಾಗೆ.

"ಕೆಳಗೆ. ನಾನು ಸಾಕು ಅನ್ನೋವರೆಗೆ." ತಾಯಿ ಇಳಿಸಿದಳು. "ಸಾಕು." ಬೆರಳೆತ್ತಿದಳು.

ಟಿಣ್ ಎಂದಿತು.

"ಬಲಗಡೆ ಒಂದು ತಿರುಗ್ತಿದೆ. ನಮ್ಮ ಕಡೆಗೇ" ಎಂದ ಕನ್ನಡಕದ ಅಂಗಡಿಯವನು. ಈಗ ಅವನ ದನಿಯಲ್ಲಿ ನಗುವಿರಲಿಲ್ಲ.

"ಎಂಜಿನ್ ನಿಲ್ಸಿ" ಎಂದಳು ಗುಬ್ಬಿ.

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಯಾರೋ ಗಿರಾಕಿ, "ಅಮ್ಮಾ, ನಮ್ಮ ಅಂಗಿ ಆಯ್ತಾ?" ಎಂದು ಕೂಗಿದರು. ಅಜ್ಜಿ ಕುರ್ಚಿಯಿಂದಲೇ ತಲೆ ಹೊರಗೆ ಹಾಕಿ, "ಮೆತ್ತಗೆ ಮಾತಾಡಪ್ಪಾ, ಮೇಲೆ ಹಡಗಿದೆ. ಅಂಗಿಗೆ ಸಂಜೆ ಬಾ" ಎಂದಳು. ಗಿರಾಕಿ ಸೂರು ನೋಡಿಕೊಂಡು ಹೊರಟುಹೋದ.

ಟಿಣ್. ಟಿಣ್. ಟಿಣ್ ಟಿಣ್. ಮೇಲಿನಿಂದ ಬಿಟ್ಟ ಮೊದಲ ಬಾಂಬು ಸಿಡಿದು ಪರದೆ ನಡುಗಿತು. ಹಡಗಿನ ದೀಪ ಹೋಗಿ ಬಂತು. ಪೋಸ್ಟ್‌ಮಾಸ್ಟರು, "ಹಿಂದುಗಡೆ ನೀರು ನುಗ್ತಿದೆ ಕ್ಯಾಪ್ಟನ್. ಹಿಡಿದಿದೀನಿ, ತುಂಬ ಹೊತ್ತು ಆಗಲ್ಲ" ಎಂದರು. ಎರಡನೇ ಸುತ್ತು ಇನ್ನೂ ಹತ್ತಿರ ಬಿತ್ತು. ಸುತ್ತಲ ನೀರೆಲ್ಲ ಕುದಿಯುವ ಎಸರಿನಂತೆ ಭೋರ್ಗರೆಯಿತು. ಈ ಗದ್ದಲ ಅಡಗುವವರೆಗೆ ಮೇಲಿನವರಿಗೆ ಏನೂ ಕೇಳಿಸುವುದಿಲ್ಲ ಎಂದು ಗುಬ್ಬಿ ಊಟದ ಹೊತ್ತಿಗೆ ಹೇಳಿದ್ದಳು. ಏನಾದರೂ ಮಾಡುವುದಿದ್ದರೆ ಈಗಲೇ.

ಗುಬ್ಬಿ ಬಾಯಿ ತೆರೆದಳು. "ಮ..."

ತಡೆಯಿತು. ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿತು. "ಮ... ಮ್..."

ತಾಯಿಯ ಬೆರಳುಗಳು ಗುಂಡಿಗಳ ಮೇಲೇ ಇದ್ದವು. ಮೇಲಕ್ಕೋ, ಮೆಲ್ಲಗೋ. ನಾಲಿಗೆಯ ತುದಿಗೆ ಎರಡೂ ಬಂದವು. ಅವಳು ಹಲ್ಲು ಕಚ್ಚಿ ಎರಡನ್ನೂ ನುಂಗಿದಳು. ಹೆಡ್‌ಫೋನಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಕನ್ನಡಕದವನ ಉಸಿರು ಕೇಳುತ್ತಿತ್ತು, ಪೋಸ್ಟ್‌ಮಾಸ್ಟರ ಉಸಿರು ಕೇಳುತ್ತಿತ್ತು. ನೀರಿನ ಭೋರ್ಗರೆತ ಇಳಿಯುತ್ತ ಬಂತು. ತಾಯಿ ಮಗಳ ತುಟಿಯನ್ನೇ ನೋಡುತ್ತ ಕೂತಳು. ಆ ಹುಡುಗಿ ಒಂದೊಂದು ಮಾತಿಗೂ ಇಷ್ಟು ದುಡಿಯುತ್ತಾಳೆಂದು ಅವಳು ಯಾವತ್ತೂ ನಿಂತು ನೋಡಿರಲಿಲ್ಲ. ನೋಡುವ ಮೊದಲೇ ಮಾತು ಮುಗಿಸಿಬಿಡುತ್ತಿದ್ದಳಲ್ಲ.

"ಮ್... ಮುಂದೆ" ಎಂದಳು ಗುಬ್ಬಿ. "ಪೂರ್ತಿ ವೇಗ. ದೊ... ದೊಡ್ಡದರ ಹೊಟ್ಟೆ ಕೆಳಗೆ."

ತಾಯಿ ಒತ್ತಿದಳು. ಮುಂದೆ ಎಂಬ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಸಾವಿರ ಸಲ ಕೇಳಿದ್ದರೂ ಹೊಳೆಯುತ್ತಿರಲಿಲ್ಲ. ಹಡಗು ಮುನ್ನುಗ್ಗಿತು. ದೊಡ್ಡ ಯುದ್ಧನೌಕೆಯ ಪ್ರೊಪೆಲ್ಲರುಗಳು ತಲೆಯ ಮೇಲೆ ಗಿರಣಿಯಂತೆ ಸದ್ದು ಮಾಡಿದವು. ಆ ಸದ್ದಿನಲ್ಲಿ ಇವರ ಸದ್ದು ಮುಚ್ಚಿಹೋಯಿತು. ಅಜ್ಜಿ ಕೂಡ ಸೂಜಿ ಹಿಡಿದ ಕೈ ಎತ್ತಿ ಹಾಗೇ ಕೂತಿದ್ದಳು. ಸದ್ದು ಹಿಂದಾಯಿತು. ಇನ್ನೂ ಹಿಂದಾಯಿತು.

"ಹುಡುಕ್ತಾ ಇದಾರೆ, ಬೇರೆ ಕಡೆ" ಎಂದ ಕನ್ನಡಕದವನು. ಸ್ವಲ್ಪ ಹೊತ್ತಿನ ಮೇಲೆ, "ದಾಟಿದ್ವಿ ಕ್ಯಾಪ್ಟನ್" ಎಂದ. ಪೋಸ್ಟ್‌ಮಾಸ್ಟರು ಮೂಗು ಸೀಟಿಕೊಂಡದ್ದು ಕೇಳಿಸಿತು.

ತಾಯಿ ತಿರುಗಿ ನೋಡಿದರೆ ಬಾಗಿಲಲ್ಲಿ ಗಂಡ. ಡ್ಯೂಟಿಯಿಂದ ಯಾವಾಗ ಬಂದಿದ್ದನೋ, ಬೂಟು ಕೂಡ ಬಿಚ್ಚಿರಲಿಲ್ಲ.

"ಗೆದ್ರಾ?" ಎಂದ.

"ಗೆ... ಗೆಲ್ಲೋದಲ್ಲ ಅಪ್ಪ. ದಾಟೋದು."

ಅವನು ಹೂಂ ಎಂದು ಕೈತೊಳೆಯಲು ಹೋದ. ರಾತ್ರಿ ಊಟಕ್ಕೆ ಕೂತಾಗ ಮೊಟ್ಟೆ ಸುಲಿಯುತ್ತ, ಯಾರ ಮುಖವನ್ನೂ ನೋಡದೆ ಕೇಳಿದ: "ಆ ಕಂಟ್ರೋಲ್ ರೂಮ್ ಅರ್ಜಿಗೆ ಕೊನೇ ದಿನ ಯಾವಾಗ?"

ಎಲ್ಲರೂ ಅಭ್ಯಾಸಬಲದಿಂದ ತಾಯಿಯ ಕಡೆ ನೋಡಿದರು. ತಾಯಿ ದೊಡ್ಡ ತುತ್ತೊಂದನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

"ಕ... ಕ... ಕಳ್ಸಿ ಆಯ್ತು" ಎಂದಳು ಗುಬ್ಬಿ. "ನೀನು ಬೇಡ ಅಂದ ಮ... ಮರುದಿನವೇ."

ತಂದೆ ಸುಲಿದ ಮೊಟ್ಟೆಯನ್ನು ನೋಡಿದ, ಮಗಳನ್ನು ನೋಡಿದ, ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದ. "ನಿಮ್ಮಜ್ಜಿ ಬುದ್ಧಿ" ಎಂದ.

"ಮತ್ತೆ? ನಿನ್ನ ಬುದ್ಧಿ ಬಂದಿದ್ರೆ ಏನು ಗತಿ" ಎಂದಳು ಅಜ್ಜಿ.

ಸಂದರ್ಶನಕ್ಕೆ ಗುಬ್ಬಿ ಒಬ್ಬಳೇ ಹೋದಳು. ತಾಯಿ ಅವಳ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು ಬಾಗಿಲವರೆಗೆ ಬಂದು, ಬಾಯಿಗೆ ಬಂದ ಬುದ್ಧಿಮಾತನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು, "ಹೋಗ್ಬಾ" ಎಂದಳು. ಅಲ್ಲಿ ಗುಬ್ಬಿ ಮೊದಲು ಹೇಳಿದ್ದೇ, ತನಗೆ ಮಾತು ತಡೆಯುತ್ತದೆ, ಬರುವುದಂತೂ ಬರುತ್ತದೆ ಎಂದು. ಮೂವರು ಅಧಿಕಾರಿಗಳು ಮುಖ ಮುಖ ನೋಡಿಕೊಂಡರಂತೆ. ಆಮೇಲೆ ಅವಳ ಮುಂದೆ ದಾರಿಗಳ ನಕ್ಷೆ ಹಾಸಿ, ಇಲ್ಲಿ ಸೇತುವೆ ಬಂದ್, ಇಲ್ಲಿ ಬಸ್ಸು ಕೆಟ್ಟಿದೆ, ಇಲ್ಲಿ ಜನ ಸಿಟ್ಟಿಗೆದ್ದಿದಾರೆ, ಏನು ಮಾಡ್ತೀಯ ಎಂದು ಒಂದರ ಮೇಲೊಂದು ಕೇಳಿದರು. ಗುಬ್ಬಿ ನಿಧಾನಕ್ಕೆ ಒಂದೊಂದಕ್ಕೂ ದಾರಿ ಹೇಳಿದಳು. ಒಂದು ತಿಂಗಳು ನೋಡೋಣ ಎಂದು ತೆಗೆದುಕೊಂಡರು. ಮೊದಲ ವಾರ ಅವಳು ಮನೆಗೆ ಬಂದು ಯಾರ ಜೊತೆಯೂ ಮಾತಾಡದೆ ಮಲಗಿಬಿಡುತ್ತಿದ್ದಳು. ತಾಯಿ ಏನೂ ಕೇಳದೆ ಅವಳ ಪಾಲಿನ ಪಾತ್ರೆ ತಾನೇ ತೊಳೆದಳು.

ಆ ತಿಂಗಳ ಕೊನೆಯಲ್ಲಿ ಡಿಪೋದ ಯೂನಿಫಾರ್ಮುಗಳ ಗಂಟು ಹೊತ್ತು ತಾಯಿ ಶೆಡ್ಡಿಗೆ ಹೋದಳು. ಎತ್ತರದ ತಗಡಿನ ಸೂರು, ಡೀಸೆಲ್ ವಾಸನೆ, ಸಾಲಾಗಿ ನಿಂತ ಬಸ್ಸುಗಳು. ಗಂಡ ಒಂದು ಬಸ್ಸಿನಡಿ ಮಲಗಿ ಕೆಲಸ ಮಾಡುತ್ತಿದ್ದ. ಅವನ ಕಾಲು ಮಾತ್ರ ಕಾಣುತ್ತಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರ್ ಗರ್ ಎಂದಿತು. ಗುಬ್ಬಿಯ ದನಿ.

"ಎಲ್ಲಾ ಡ್ರೈವರ್‌ಗಳಿಗೆ. ಆಸ್ಪತ್ರೆ ರಸ್ತೆಯಲ್ಲಿ ನೀರಿನ ಪೈಪು ಒಡೆದಿದೆ. ಆ ಕಡೆ ಹೋಗೋ ಬಸ್ಸುಗಳೆಲ್ಲ ಮ... ಮ..."

ಗೋಡೆಗೊರಗಿ ಚಹಾ ಕುಡಿಯುತ್ತಿದ್ದ ಎಳೆಯ ಡ್ರೈವರೊಬ್ಬ ಪಕ್ಕದವನಿಗೆ ಕಣ್ಣು ಹೊಡೆದು, "ಮ... ಮ... ಮನೆಗೆ ಹೋಗಿ" ಎಂದು ಅಣಕಿಸಿದ. ಪಕ್ಕದವನು ಕಿಸಕ್ಕೆಂದ.

ತಾಯಿಯ ಕೈಯಲ್ಲಿ ಗಂಟು ಬಿಗಿಯಾಯಿತು. ಅವಳು ಬಾಯಿ ತೆರೆಯುವ ಮೊದಲೇ ಬಸ್ಸಿನಡಿಯಿಂದ ಗಂಡ ಜಾರಿಕೊಂಡು ಹೊರಬಂದ. ಮುಖಕ್ಕೆಲ್ಲ ಗ್ರೀಸು, ಕೈಯಲ್ಲಿ ಸ್ಪ್ಯಾನರ್. ಎದ್ದು ನಿಂತು, ಶೆಡ್ಡಿನ ಆ ತುದಿಗೂ ಕೇಳುವಂತೆ, ಆದರೆ ಕೂಗದೆ ಹೇಳಿದ:

"ಬಾಯಿ ಮುಚ್ಚು. ಕಂಟ್ರೋಲ್ ಮಾತಾಡ್ತಿದೆ."

ಡ್ರೈವರ್ ಲೋಟ ಕೆಳಗಿಟ್ಟ. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಎಲ್ಲರೂ ಕಂಬದ ಕಡೆ ನೋಡುತ್ತ ನಿಂತರು.

"ಮ್... ಮಾರುಕಟ್ಟೆ ಹಿಂದಿನ ದಾರಿ ಹಿಡೀರಿ" ಎಂದಿತು ಸ್ಪೀಕರ್. "ಅಲ್ಲಿ ಎರಡು ಬಸ್ಸು ಒಟ್ಟಿಗೆ ಹೋಗಲ್ಲ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ನಾನು ಹೇಳ್ತೀನಿ."

ಊರಿನ ಎಲ್ಲೆಲ್ಲಿಂದಲೋ ಒಬ್ಬೊಬ್ಬರೇ ಉತ್ತರ ಕೊಡತೊಡಗಿದರು: "ಸರಿ ಕಂಟ್ರೋಲ್." "ಆಯ್ತು ಕಂಟ್ರೋಲ್." "ಕಾಯ್ತಿದೀನಿ, ಕಂಟ್ರೋಲ್." ಗಂಡಹೆಂಡಿರು ಕೊನೆಯ ಬಸ್ಸಿನವನು ಉತ್ತರ ಕೊಡುವವರೆಗೂ ಅಲ್ಲೇ ನಿಂತು ಕೇಳಿದರು.